ನಾಲ್ಕನೇ ಇಯತ್ತೆಗೆ ಬಂದ ಮೇಲೆ

ಸರ್ಕಾರಿ ಕನ್ನಡ ಶಾಲೆಯ ನಲಿಕಲಿ ಕೋಣೆಗೆ ಕಾಲಿಟ್ಟರೆ ಮಕ್ಕಳು ಬೆಂಚಿನ ಸಾಲಿನಲ್ಲಿ ಕಾಣುವುದಿಲ್ಲ. ನೆಲದ ಮೇಲೆ ಐದು ಗುಂಪು ಮಾಡಿಕೊಂಡು ಕೂತಿರುತ್ತಾರೆ. ಆ ಗುಂಪುಗಳಿಗೆ ನಾವು ತಟ್ಟೆ ಅನ್ನುತ್ತೇವೆ. ಶಿಕ್ಷಕರ ಸಹಾಯ ಪೂರ್ತಿ ಬೇಕಾದವರು ಒಂದು ತಟ್ಟೆಯಲ್ಲಿ, ಅರೆಬರೆ ಬೇಕಾದವರು ಇನ್ನೊಂದರಲ್ಲಿ. ಗೆಳೆಯರ ಸಹಾಯದಿಂದ ಕಲಿಯುವವರಿಗೆ ಎರಡು ತಟ್ಟೆ. ತಮ್ಮಷ್ಟಕ್ಕೆ ತಾವೇ ಮಾಡಿಕೊಳ್ಳುವವರಿಗೆ ಕೊನೆಯದು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ಒಂದು ಮೆಟ್ಟಿಲು ಮುಗಿಸಿದರೆ ಮುಂದಿನದಕ್ಕೆ ಹೋಗುತ್ತದೆ. ಜ್ವರ ಬಂದು ವಾರಗಟ್ಟಲೆ ತಪ್ಪಿಸಿಕೊಂಡರೂ, ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲು ಹೋಗಿ ಬಂದರೂ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು. ಪಕ್ಕದ ಹುಡುಗಿ ಎಲ್ಲಿದ್ದಾಳೆ ಎಂಬುದು ಇವನ ಲೆಕ್ಕಕ್ಕೆ ಬರುವುದಿಲ್ಲ.

ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ಮಾಡಿಕೊಂಡರು. 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಒಬ್ಬರೇ ಶಿಕ್ಷಕರು ಎರಡು ಮೂರು ಇಯತ್ತೆ ನೋಡಿಕೊಳ್ಳಬೇಕಾದ ಶಾಲೆಗಳಿಗಾಗಿ ಇದನ್ನು ಮಾಡಿದ್ದು. ಬೌದ್ಧಿಕ ನ್ಯೂನತೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಮಾಡಲಿಲ್ಲ. ಆದರೆ ಹಾವೇರಿ ಸೀಮೆಯ ಹಳ್ಳಿಯೊಂದರಲ್ಲಿ ಬಹಳ ವರ್ಷಗಳಿಂದ ನಲಿಕಲಿ ಅಕ್ಕೋರಾಗಿರುವ ನನಗೆ ಅನಿಸಿರುವುದು ಇದು: ಕರ್ನಾಟಕದಲ್ಲಿ ಆ ಮಕ್ಕಳಿಗೆ ಸರ್ಕಾರ ಕೊಟ್ಟ ಅತ್ಯುತ್ತಮ ವಿಶೇಷ ಶಿಕ್ಷಣ ಅದಕ್ಕೇ ಗೊತ್ತಿಲ್ಲದೆ ಕೊಟ್ಟದ್ದು. ಅದು ಮೂರನೇ ಇಯತ್ತೆಗೆ ಮುಗಿದುಹೋಗುತ್ತದೆ. ನನ್ನ ತಕರಾರು ಇರುವುದು ಅದರ ನಂತರದ ವರ್ಷಗಳ ಬಗ್ಗೆ.

ಒಬ್ಬ ಹುಡುಗನನ್ನು ಹೇಳುತ್ತೇನೆ. ಹೆಸರು ಮಂಜ ಎಂದಿಟ್ಟುಕೊಳ್ಳಿ, ನಿಜವಾದ ಹೆಸರು ಅದಲ್ಲ. ಅವನ ತಾಯಿ ಸೇರಿಸಲು ಬಂದಾಗ ಬಾಗಿಲ ಹೊರಗೇ ನಿಂತು, "ಅಕ್ಕೋರ, ಹುಟ್ಟಿದಾಗ ಅತ್ತಿದ್ದಿಲ್ರೀ ಇಂವ. ಬುದ್ಧಿ ಸ್ವಲ್ಪ ಕಮ್ಮಿ ಐತಿ. ಓದೂದೇನ್ ಬ್ಯಾಡ, ಬರೇ ಕುಂದರಸ್ಕೊಳ್ರಿ, ಸಾಕು" ಅಂದಳು. ಪಕ್ಕದ ಪಟ್ಟಣದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕೆಲವು ತಿಂಗಳು ಕೂತು, "ಇವನಿಂದ ಬೇರೆ ಮಕ್ಕಳಿಗೆ ತ್ರಾಸು" ಎಂದು ಹೇಳಿಸಿಕೊಂಡು ವಾಪಸು ಬಂದಿದ್ದ. ಮಾತು ತಡವಾಗಿ ಬಂದಿತ್ತು, ಒಂದಕ್ಕೆ ಹೋಗಬೇಕು ಎಂದು ಹೇಳಲು ಬರುತ್ತಿರಲಿಲ್ಲ, ಚಡ್ಡಿ ಒದ್ದೆಯಾದರೆ ಮೂಲೆಗೆ ಹೋಗಿ ನಿಲ್ಲುತ್ತಿದ್ದ.

ನಲಿಕಲಿಯಲ್ಲಿ ಅಕ್ಷರ ಅ ಆ ಇ ಈ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸರ, ಅರಸ, ಗರಗಸ ಎಂದು ಪದ ಕಟ್ಟಲು ಅನುಕೂಲ. ಬೇರೆ ಮಕ್ಕಳು ದಸರಾ ರಜೆಗೆ ಮುಂಚೆಯೇ ಇದನ್ನು ದಾಟಿ ಹೋದರು. ಮಂಜನಿಗೆ ಆ ಐದಕ್ಕೇ ಇಡೀ ವರ್ಷ ಹಿಡಿಯಿತು. ಅವನಪ್ಪ ಬಡಿಗ. ಮನೆಯ ಪಡಸಾಲೆಯಲ್ಲಿ ಗರಗಸ ತೂಗುಹಾಕಿರುತ್ತಿತ್ತು. ಒಂದು ದಿನ ಕಾರ್ಡಿನ ಮೇಲಿನ ನಾಲ್ಕು ಅಕ್ಷರಕ್ಕೆ ಬೆರಳಿಟ್ಟು ಬಿಡಿಬಿಡಿಯಾಗಿ ಓದಿ, ಆಮೇಲೆ ಒಟ್ಟಿಗೆ ಹೇಳಿ, ಕೈಯನ್ನು ಹಿಂದೆ ಮುಂದೆ ಆಡಿಸಿ ತೋರಿಸಿದ. ಮೂರನೇ ಇಯತ್ತೆ ಮುಗಿಯುವ ಹೊತ್ತಿಗೆ ಒತ್ತಕ್ಷರವಿಲ್ಲದ ಪದಗಳನ್ನು ನಿಧಾನವಾಗಿ ಓದುತ್ತಿದ್ದ, ಇಪ್ಪತ್ತರವರೆಗೆ ಎಣಿಸುತ್ತಿದ್ದ, ಕೈತೊಳೆದು ಊಟಕ್ಕೆ ಕೂರುತ್ತಿದ್ದ, ಹೊರಗೆ ಹೋಗಬೇಕಾದಾಗ ಕೈ ಎತ್ತುತ್ತಿದ್ದ. ಕೋಣೆಯಲ್ಲಿ ಅವನನ್ನು ದಡ್ಡ ಎಂದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರೂ ಬೇರೆ ಬೇರೆ ಮೆಟ್ಟಿಲಿನಲ್ಲಿರುವ ಕಡೆ ದಡ್ಡ ಯಾರು?

ಜೂನ್ ಬಂತು. ವಯಸ್ಸಿನ ಪ್ರಕಾರ ಮಂಜ ನಾಲ್ಕಕ್ಕೆ ಹೋದ. ಗೋಡೆ ದಾಟಿ ಪಕ್ಕದ ಕೋಣೆ, ಅಷ್ಟೇ. ಆದರೆ ಅಲ್ಲಿ ಏಣಿ ಇಲ್ಲ, ತಟ್ಟೆ ಇಲ್ಲ. ಬೆಂಚು, ಕರಿಹಲಗೆ, ಪಠ್ಯಪುಸ್ತಕ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ, ಎಲ್ಲವೂ ಪಾಠದಿಂದ ಪಾಠಕ್ಕೆ, ಎಲ್ಲರಿಗೂ ಒಂದೇ ವೇಗದಲ್ಲಿ. ಆ ಇಯತ್ತೆಯ ಮಾಸ್ತರು ಒಳ್ಳೆಯವರು, ಕೈ ಎತ್ತಿದವರಲ್ಲ. ಆದರೆ ಅವರಿಗೆ ಐದನೆಯದೂ ಸೇರಿ ಎರಡು ಇಯತ್ತೆ, ಮೇಲೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಮಂಜ ಹಿಂದಿನ ಬೆಂಚಿಗೆ ಹೋದ.

ಅಲ್ಲಿ ಅವನು ಒಂದು ವಿದ್ಯೆ ಕಲಿತ, ನಕಲು ಮಾಡುವುದು. ಹಲಗೆಯ ಮೇಲೆ ಬರೆದದ್ದನ್ನು ಗೆರೆ ತಪ್ಪದೆ ನೋಟ್‌ಬುಕ್ಕಿಗೆ ಇಳಿಸುತ್ತಿದ್ದ. ಬಡಿಗನ ಮಗ, ಕೈ ಚೊಕ್ಕ. ತಪಾಸಣೆಗೆ ಬಂದವರು ಪುಟ ತಿರುವಿ, "ಬರವಣಿಗೆ ಚಲೋ ಅದ" ಎಂದು ಸಹಿ ಹಾಕಿ ಹೋದರು. ಬರೆದದ್ದರಲ್ಲಿ ಒಂದು ಸಾಲನ್ನೂ ಅವನು ಓದಲಾರ. ನನ್ನ ಕೋಣೆಯಲ್ಲಿ ಬಂದಿದ್ದ ಓದು ಕೂಡ ವರ್ಷದೊಳಗೆ ಮಸುಕಾಯಿತು. ಬಳಸದಿದ್ದರೆ ಈ ಮಕ್ಕಳು ಕಲಿತದ್ದನ್ನು ಬೇಗ ಕಳೆದುಕೊಳ್ಳುತ್ತಾರೆ. ಹಾಜರಿ ಮಾತ್ರ ಪೂರ್ತಿ ಇತ್ತು. ಮೌಲ್ಯಮಾಪನದ ಕಾಲಂನಲ್ಲಿ ಒಂದು ಗ್ರೇಡ್ ಕೂಡ ಇತ್ತು, ಖಾಲಿ ಬಿಟ್ಟರೆ ತಂತ್ರಾಂಶ ಮುಂದೆ ಹೋಗುವುದಿಲ್ಲ. ತಾಯಿ ಅಂದು ಬಾಗಿಲಲ್ಲಿ ಕೇಳಿದ್ದನ್ನು ನಮ್ಮ ವ್ಯವಸ್ಥೆ ಅಕ್ಷರಶಃ ನಡೆಸಿಕೊಟ್ಟಿತು: ಬರೇ ಕುಂದರಿಸಿಕೊಂಡಿತು.

ಕಾನೂನಿನಲ್ಲಿ ಕೊರತೆ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ಅಂಗವಿಕಲ ಮಕ್ಕಳನ್ನು ಅದರೊಳಗೆ ಸ್ಪಷ್ಟವಾಗಿ ಸೇರಿಸಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮೊದಲಿದ್ದ ಏಳು ಬಗೆಯ ವೈಕಲ್ಯದ ಪಟ್ಟಿಯನ್ನು 21ಕ್ಕೆ ಏರಿಸಿತು. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ, ಅಥವಾ ಬಯಸಿದರೆ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣ ಕೊಡಬೇಕು ಎಂದಿತು. ಬೇರೆ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು 14ಕ್ಕೆ ಮುಗಿದರೆ ಇವರಿಗೆ ಇನ್ನೂ ನಾಲ್ಕು ವರ್ಷ ಇದೆ. ಎಷ್ಟು ತಂದೆತಾಯಿಗೆ ಇದು ಗೊತ್ತು? ನಮ್ಮ ಎಷ್ಟು ಮಾಸ್ತರಿಗೆ ಗೊತ್ತು?

ವೈಕಲ್ಯದ ಪ್ರಮಾಣಪತ್ರಕ್ಕೂ ಈಗ ದಾರಿ ಇದೆ. ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಬುದ್ಧಿಶಕ್ತಿ ಅಳೆಯಲು ನಮ್ಮಲ್ಲಿ ಬಳಸುವ ಪರೀಕ್ಷೆಗಳಲ್ಲಿ ಬಿನೆ-ಕಾಮತ್ ಎಂಬುದೊಂದಿದೆ. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಆಗಿನ ಮುಂಬಯಿ ಕರ್ನಾಟಕದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ಫ್ರಾನ್ಸಿನ ಬಿನೆಯ ಪರೀಕ್ಷೆಯನ್ನು ತಿದ್ದಿ ಸಿದ್ಧಮಾಡಿದ್ದು ಅದು. ಆಲ್ಫ್ರೆಡ್ ಬಿನೆ 1905ರಲ್ಲಿ ಸಿಮೋನ್ ಜೊತೆ ಸೇರಿ ಮೂಲ ಪರೀಕ್ಷೆ ಮಾಡಿದ್ದು ಪ್ಯಾರಿಸಿನ ಶಾಲೆಗಳಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಎಂದು ಪತ್ತೆಹಚ್ಚಲು. ಮಗುವಿನ ಹಣೆಬರಹ ಬರೆಯುವುದು ಅವನ ಉದ್ದೇಶವಾಗಿರಲಿಲ್ಲ. ನಮ್ಮಲ್ಲಿ ಪರೀಕ್ಷೆಯ ಅಂಕಿ ಪ್ರಮಾಣಪತ್ರಕ್ಕೆ ಹೋಗುತ್ತದೆ, ಅಲ್ಲಿಂದ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ, ಮಾಸಾಶನದ ಅರ್ಜಿಗೆ, ಬಸ್ ಪಾಸಿಗೆ. ಇವೆಲ್ಲ ಬೇಕು, ಬಡವರ ಮನೆಗೆ ಆ ಮಾಸಾಶನ ಸಣ್ಣದಲ್ಲ. ಆದರೆ ಆ ಕಾಗದ ಮಗುವಿನ ತರಗತಿ ಮಾಸ್ತರ ಕೈಗೆ ಬಂದು, ಇವನಿಗೆ ಈ ವರ್ಷ ಏನು ಕಲಿಸಬೇಕು ಎಂಬ ಮಾತು ಹುಟ್ಟಿದ್ದನ್ನು ನಾನು ಕಂಡಿಲ್ಲ.

ಆ ಮಾತು ಹುಟ್ಟಿದರೆ ಹೇಳಬೇಕಾದದ್ದು ಬಹಳ ಇದೆ. ಬೌದ್ಧಿಕ ನ್ಯೂನತೆ ಇರುವವರಲ್ಲಿ ಬಹುಪಾಲು ಮಕ್ಕಳದ್ದು ಸೌಮ್ಯ ಪ್ರಮಾಣದ್ದು. ಸರಿಯಾಗಿ ಕಲಿಸಿದರೆ ಇಂಥವರು ಹದಿಹರೆಯ ಮುಗಿಯುವ ಹೊತ್ತಿಗೆ ಸುಮಾರು ಆರನೇ ಇಯತ್ತೆಯ ಮಟ್ಟದ ಓದು, ಬರಹ, ಲೆಕ್ಕ ಮುಟ್ಟಬಲ್ಲರು, ದುಡಿದು ಬದುಕಬಲ್ಲರು. ಮಧ್ಯಮ ಪ್ರಮಾಣದ ಮಕ್ಕಳು ಎರಡನೇ ಇಯತ್ತೆಯಷ್ಟು ಕಲಿತು, ತಮ್ಮ ಮೈಕೈ ಕೆಲಸ ತಾವೇ ನೋಡಿಕೊಂಡು, ಜೊತೆಗೊಬ್ಬರು ಇದ್ದರೆ ಕೆಲಸವನ್ನೂ ಮಾಡಬಲ್ಲರು. ಅಂದರೆ ನಮ್ಮ ಪ್ರಾಥಮಿಕ ಶಾಲೆ ಕಲಿಸುವುದರಲ್ಲಿ ದೊಡ್ಡ ಪಾಲು ಇವರ ಕೈಗೆಟಕುವಂಥದ್ದೇ. ಸಮಯ ಎರಡರಷ್ಟು ಮೂರರಷ್ಟು ಬೇಕು, ವಿಧಾನ ಬೇರೆ ಬೇಕು. ಬೌದ್ಧಿಕ ನ್ಯೂನತೆಯನ್ನು ಮಾನಸಿಕ ಕಾಯಿಲೆ ಎಂದು ತಿಳಿದು ಮಾತ್ರೆಗೆ, ಅಂತ್ರಕ್ಕೆ, ಗುಡಿಗೆ ತಿರುಗುವವರು ಇಂದಿಗೂ ಇದ್ದಾರೆ. ಅದು ಕಾಯಿಲೆಯಲ್ಲ, ವಾಸಿಯಾಗುವಂಥದ್ದೂ ಅಲ್ಲ. ಕಲಿಸುವುದು ಒಂದೇ ಅದಕ್ಕೆ ಇರುವ ಮದ್ದು.

ವರ್ಷಕ್ಕೊಮ್ಮೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ನಾವು ಬಿಆರ್‌ಸಿ ಅನ್ನುವ ಕಡೆ, ವೈದ್ಯಕೀಯ ಶಿಬಿರ ನಡೆಯುತ್ತದೆ. ಪೆಂಡಾಲು, ಪಲಾವು, ಸರದಿ. ನಡೆಯಲಾಗದ ಮಗುವಿಗೆ ಗಾಲಿಕುರ್ಚಿ, ಕೇಳದ ಮಗುವಿಗೆ ಶ್ರವಣಯಂತ್ರ, ಕಾಲು ಸೊಟ್ಟಗಿದ್ದರೆ ಕ್ಯಾಲಿಪರ್. ಕೊಡುವಾಗ ಫೋಟೊ ತೆಗೆಯುತ್ತಾರೆ, ಮರುದಿನ ಪೇಪರಿನಲ್ಲಿ ಬರುತ್ತದೆ. ಮಂಜನಂಥವರ ಸರದಿ ಬಂದಾಗ ಕೊಡಲು ಹೇಳಿಕೊಳ್ಳುವಂಥದ್ದು ಇರುವುದಿಲ್ಲ. ಬಣ್ಣದ ಕಟ್ಟಿಗೆ ತುಂಡುಗಳ ಒಂದು ಪೆಟ್ಟಿಗೆ ಸಿಕ್ಕರೆ ಸಿಕ್ಕಿತು. ಇವನಿಗೆ ಬೇಕಾದ ಸಾಧನ ಒಬ್ಬ ಶಿಕ್ಷಕ. ಅದನ್ನು ಶಿಬಿರದಲ್ಲಿ ಹಂಚಲಾಗುವುದಿಲ್ಲ, ಫೋಟೊದಲ್ಲೂ ಚಂದ ಕಾಣುವುದಿಲ್ಲ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವಿನ ತಲೆಗೆ ವರ್ಷಕ್ಕೆ 3,500 ರೂಪಾಯಿ ಲೆಕ್ಕ. ಹೆಣ್ಣುಮಗುವಾದರೆ ತಿಂಗಳಿಗೆ 200ರಂತೆ ಹತ್ತು ತಿಂಗಳು ಶಿಷ್ಯವೇತನವೂ ಉಂಟು. ಆ 3,500ನ್ನು ವರ್ಷದ ದಿನಗಳಿಗೆ ಭಾಗಿಸಿದರೆ ದಿನಕ್ಕೆ ಹತ್ತು ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. ಇದರಲ್ಲಿ ಶಿಬಿರ, ಸಾಧನ, ಸಾಗಣೆ, ಸಾಮಗ್ರಿ. ಶಿಕ್ಷಕರ ಸಂಬಳ ಬೇರೆ ತಲೆಬರಹದಲ್ಲಿದೆ ನಿಜ. ಆ ಶಿಕ್ಷಕರು ಯಾರು, ಎಲ್ಲಿದ್ದಾರೆ? ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ನಮ್ಮ ಬಾಯಲ್ಲಿ ಬಿಐಇಆರ್‌ಟಿಗಳು. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಮೋಟರ್‌ಸೈಕಲ್ ಮೇಲೆ ಹಳ್ಳಿ ಹಳ್ಳಿ ಸುತ್ತಿ, ಅಂಕಿಅಂಶ ತುಂಬಿ, ಶಿಬಿರ ನಡೆಸಿ, ಮನೆಯಲ್ಲೇ ಮಲಗಿರುವ ಮಕ್ಕಳನ್ನೂ ನೋಡಿ ಬರಬೇಕು. ನಮ್ಮ ಶಾಲೆಗೆ ಬಂದವರು ಕಿವಿ ಕೇಳದ ಮಕ್ಕಳಿಗೆ ಕಲಿಸುವ ತರಬೇತಿ ಆದವರು. ಮಂಜನ ತಲೆ ಸವರಿ, ನನಗೆ ಒಂದಿಷ್ಟು ಧೈರ್ಯ ಹೇಳಿ, ರಿಜಿಸ್ಟರಿಗೆ ಸಹಿ ಹಾಕಿ ಹೋದರು. ತಿಂಗಳಿಗೊಮ್ಮೆ ಅರ್ಧ ತಾಸು ಬಂದು ಹೋಗುವುದರಿಂದ ಯಾವ ಮಗುವೂ ಕಲಿಯುವುದಿಲ್ಲ.

ಹಾಗಾದರೆ ವಿಶೇಷ ಶಿಕ್ಷಕರು ಬಂದು ಮಾಡುವುದಾದರೂ ಏನು ಎಂದು ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ. ನಾನು ಶಿಕ್ಷಕಿಯಾಗಲು ಟಿಸಿಎಚ್ ಓದಿದಾಗ ಇದರ ಬಗ್ಗೆ ಒಂದು ಪುಟವೂ ಇರಲಿಲ್ಲ. ಆಮೇಲೆ ಒಂದು ತರಬೇತಿಯಲ್ಲಿ ನೋಡಿ ಕಲಿತದ್ದನ್ನು ಹೇಳುತ್ತೇನೆ. ಕೈತೊಳೆಯುವುದು ನಮಗೆ ಒಂದೇ ಕೆಲಸ. ಈ ಮಗುವಿಗೆ ಅದು ಹತ್ತು ಕೆಲಸ: ನಳ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸಾಬೂನು ತೆಗೆದುಕೊಳ್ಳುವುದು, ಅಂಗೈ ಉಜ್ಜುವುದು, ಹಿಂಗೈ ಉಜ್ಜುವುದು, ಹೀಗೆ. ಬಿಡಿಸಿ, ಒಂದೊಂದನ್ನೇ ಕಲಿಸಿ, ಆಮೇಲೆ ಪೋಣಿಸಬೇಕು. ಕೆಲವರಿಗೆ ಹಿಂದಿನಿಂದ ಕಲಿಸುವುದು ಸುಲಭ. ಒಂಬತ್ತನ್ನು ನಾವೇ ಮಾಡಿಸಿ, ಕೊನೆಯದಾದ ಒರೆಸಿಕೊಳ್ಳುವುದನ್ನು ಮಾತ್ರ ಮಗುವಿಗೆ ಬಿಡುವುದು. ಕೆಲಸ ಮುಗಿಸಿದ ಖುಷಿ ಅವನದಾಗುತ್ತದೆ. ಮರುವಾರ ಕೊನೆಯ ಎರಡು ಅವನಿಗೆ. ಇದು ಅಂತಃಕರಣದಿಂದ ಹೊಳೆಯುವುದಲ್ಲ, ಕಲಿತು ಬರುವ ಕಸುಬು. "ಇಂಥ ಮಕ್ಕಳಿಗೆ ಪ್ರೀತಿ ಸಾಕು" ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ. ಕಣ್ಣಿನ ಆಪರೇಶನ್ನಿಗೆ ಪ್ರೀತಿ ಸಾಕೇ?

ಲೆಕ್ಕವನ್ನೂ ಹೀಗೆಯೇ ಇಳಿಸಬೇಕು. ಮೊಟ್ಟೆ ಕೊಡುವ ದಿನ ನಮ್ಮಲ್ಲಿ ಕೆಲವು ಮಕ್ಕಳು ಮೊಟ್ಟೆ ತಿನ್ನುತ್ತಾರೆ, ಕೆಲವರು ಬಾಳೆಹಣ್ಣು. ಮಂಜನಿಗೆ ಹಂಚುವ ಕೆಲಸ ಕೊಟ್ಟೆ. ಒಂದು ಊಟದ ತಟ್ಟೆಗೆ ಒಂದು ಮೊಟ್ಟೆ, ಇದು ಗಣಿತದ ಮೊದಲ ಪಾಠ. ಇಬ್ಬರು ಬಂದಿಲ್ಲ, ಬುಟ್ಟಿಯಲ್ಲಿ ಎರಡು ಉಳಿದವು, ಇದು ಎರಡನೇ ಪಾಠ. ಯಾರಿಗೆ ಮೊಟ್ಟೆ, ಯಾರಿಗೆ ಹಣ್ಣು ಎಂದು ಮುಖ ನೋಡಿ ನೆನಪಿಡುವುದು ಮೂರನೆಯದು. ಮೂರಂಕಿಯ ಭಾಗಾಕಾರ ಅವನಿಗೆ ಬಾರದಿದ್ದರೆ ಲೋಕವೇನೂ ಮುಳುಗುವುದಿಲ್ಲ. ಹತ್ತು ರೂಪಾಯಿ ನಾಣ್ಯ ಕೊಟ್ಟು ಐದು ರೂಪಾಯಿಯ ಚಿಕ್ಕಿ ತೆಗೆದುಕೊಂಡರೆ ಐದು ವಾಪಸು ಕೇಳಬೇಕು ಎಂದು ಗೊತ್ತಿಲ್ಲದಿದ್ದರೆ ಜೀವನಪೂರ್ತಿ ಎಲ್ಲರೂ ಅವನನ್ನು ಮೋಸಮಾಡುತ್ತಾರೆ. ತನ್ನ ಹೆಸರು, ಅಪ್ಪನ ಫೋನ್ ನಂಬರು, ಊರ ಬಸ್ಸಿನ ಬೋರ್ಡು, ಗಡಿಯಾರದಲ್ಲಿ ಶಾಲೆ ಬಿಡುವ ಹೊತ್ತು, ಮೈ ಮುಟ್ಟಲು ಬಂದವನಿಗೆ ಬೇಡ ಎನ್ನುವುದು, ಹೆಣ್ಣುಮಗುವಾದರೆ ತಿಂಗಳ ದಿನಗಳ ಸ್ವಚ್ಛತೆ. ಈ ಪಠ್ಯ ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ. ಒಂದೊಂದು ಮಗುವಿಗೂ ಬೇರೆ ಬೇರೆಯಾಗಿ ಬರೆಯಬೇಕು, ಮೂರು ತಿಂಗಳಿಗೊಮ್ಮೆ ತಿದ್ದಬೇಕು. ವೈಯಕ್ತಿಕ ಶಿಕ್ಷಣ ಯೋಜನೆ ಎಂಬ ಫಾರಂ ಅದಕ್ಕಾಗಿಯೇ ಇದೆ. ನಾನು ನೋಡಿದ ಫಾರಂಗಳಲ್ಲಿ ಹೆಸರು ಬದಲಾದರೂ ಒಳಗಿನ ಬರಹ ಒಂದೇ.

ಇನ್ನು ಜೊತೆ ಮಕ್ಕಳು. ದೊಡ್ಡವರ ಅಂಜಿಕೆ ಏನೇ ಇರಲಿ, ಆರು ಏಳು ವರ್ಷದ ಮಕ್ಕಳಿಗೆ ಮಂಜ ಒಂದು ಸಮಸ್ಯೆಯೇ ಅಲ್ಲ. ಅವರ ತೊಂದರೆ ತದ್ವಿರುದ್ಧ, ಅತಿ ಸಹಾಯ. ಒಬ್ಬಳು ಅವನ ಪಾಟಿಯ ಮೇಲೆ ತಾನೇ ಬರೆದುಕೊಟ್ಟುಬಿಡುತ್ತಿದ್ದಳು, ಚಪ್ಪಲಿ ಹಾಕುತ್ತಿದ್ದಳು, ಕೇಳಿದ ಪ್ರಶ್ನೆಗೆ ಅವನ ಪರವಾಗಿ ಉತ್ತರಿಸುತ್ತಿದ್ದಳು. "ತಡೀವಾ, ಅಂವಾ ಹೇಳ್ತಾನ" ಎಂದು ಅವಳನ್ನು ಕಾಯಲು ಕಲಿಸುವುದು ಮಂಜನಿಗೆ ಅಕ್ಷರ ಕಲಿಸಿದಷ್ಟೇ ಕಷ್ಟವಾಯಿತು. ಆದರೆ ಕಾಯಲು ಕಲಿತ ಆ ಹುಡುಗಿ ಮುಂದೆ ಒಂದನೇ ಇಯತ್ತೆಯ ಚಿಕ್ಕವರಿಗೆ ಹೇಳಿಕೊಡುವಾಗ ನನಗಿಂತ ಚೆನ್ನಾಗಿ ಹೇಳಿಕೊಡುತ್ತಿದ್ದಳು.

"ಇವರಿಂದ ನಮ್ಮ ಮಕ್ಕಳು ಹಿಂದೆ ಬೀಳ್ತಾರ" ಎಂಬ ಪಾಲಕರ ದೂರಿಗೆ ಒಂದು ಹಳೆಯ ಉತ್ತರ ಇದೆ. ಪಟ್ಟಣದಲ್ಲಿ ಬೀದಿಗೊಂದು ಮಾಂಟೆಸ್ಸರಿ ಬೋರ್ಡು ಕಾಣುತ್ತದಲ್ಲ, ಆ ಮರಿಯಾ ಮಾಂಟೆಸ್ಸರಿ ತನ್ನ ವಿಧಾನ ಕಂಡುಕೊಂಡದ್ದು ರೋಮಿನಲ್ಲಿ ಬೌದ್ಧಿಕ ನ್ಯೂನತೆಯ ಮಕ್ಕಳೊಡನೆ, 1900ರ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ ಇಂಥ ಮಕ್ಕಳಿಗೆಂದೇ ಸಾಮಗ್ರಿ ಮಾಡಿದ್ದ ಎಡ್ವರ್ಡ್ ಸೆಗ್ಯೂನ್‌ನ ಬರಹಗಳಿಂದ ಆಕೆ ಕಲಿತಳು. ಆಕೆ ಕಲಿಸಿದ ಕೆಲವು ಮಕ್ಕಳು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲೇ ತೇರ್ಗಡೆಯಾದಾಗ, ಹಾಗಾದರೆ ಸಾಮಾನ್ಯ ಮಕ್ಕಳಿಗೆ ನಾವು ಎಂಥ ಕಳಪೆ ಶಿಕ್ಷಣ ಕೊಡುತ್ತಿದ್ದೇವೆ ಎಂದು ಆಕೆ ಯೋಚಿಸಿದಳು. 1907ರಲ್ಲಿ ಸಾಮಾನ್ಯ ಮಕ್ಕಳಿಗಾಗಿ ಶಾಲೆ ತೆರೆದಳು. ಮಂಜನಂಥ ಮಕ್ಕಳಿಂದ ಕಲಿತ ವಿದ್ಯೆಗೆ ಸಾವಿರಾರು ರೂಪಾಯಿ ಫೀ ಕಟ್ಟಿಸಿಕೊಂಡು, ಆ ಮಕ್ಕಳಿಗೇ ಪ್ರವೇಶ ಇಲ್ಲ ಎನ್ನುವ ಶಾಲೆಗಳಿವೆ.

ವಿಶೇಷ ಶಾಲೆಗೇ ಕಳಿಸಿದರಾಯಿತಲ್ಲ ಎಂಬುದು ಇನ್ನೊಂದು ವಾದ. ಅಲ್ಲಿ ತರಬೇತಾದವರಿದ್ದಾರೆ, ಅದನ್ನು ಒಪ್ಪುತ್ತೇನೆ. ತೀವ್ರ ನ್ಯೂನತೆಯ, ಎರಡು ಮೂರು ವೈಕಲ್ಯ ಒಟ್ಟಿಗಿರುವ ಕೆಲವು ಮಕ್ಕಳಿಗೆ ಅದೇ ಸರಿಯಾದ ಜಾಗ ಇರಬಹುದು. ಆದರೆ ಆ ಶಾಲೆಗಳು ಹೆಚ್ಚಾಗಿ ಸ್ವಯಂಸೇವಾ ಸಂಸ್ಥೆಗಳವು, ಇರುವುದು ಪಟ್ಟಣದಲ್ಲಿ. ಹಳ್ಳಿಯ ಮಗು ಅಲ್ಲಿಗೆ ಹೋಗಬೇಕೆಂದರೆ ಎಂಟನೇ ವಯಸ್ಸಿಗೆ ಅವ್ವನನ್ನು ಬಿಟ್ಟು ಹಾಸ್ಟೆಲ್ ಸೇರಬೇಕು. ಮಾತು ಪೂರ್ತಿ ಬಾರದ ಹೆಣ್ಣುಮಗುವನ್ನು ಹಾಗೆ ಕಳಿಸು ಎಂದು ಯಾವ ತಾಯಿಗೆ ಹೇಳುವುದು? ಮತ್ತೆ, ಸೌಮ್ಯ ನ್ಯೂನತೆಯ ಹುಡುಗ ದೊಡ್ಡವನಾದ ಮೇಲೆ ಬದುಕಬೇಕಾದದ್ದು ಇದೇ ಊರಿನಲ್ಲಿ, ಇದೇ ಓರಗೆಯವರ ನಡುವೆ. ಅಂಗಡಿಯವ, ಕಂಡಕ್ಟರ್, ಗುತ್ತಿಗೆದಾರ ಆಗುವವರು ಇವತ್ತು ಅವನ ಪಕ್ಕ ಕೂತವರೇ. ಅವರು ಅವನನ್ನು ಬಲ್ಲವರಾದರೆ ಅದೇ ಅವನಿಗೆ ಆಸರೆ.

ಗೃಹಾಧಾರಿತ ಶಿಕ್ಷಣದ ಬಗ್ಗೆಯೂ ಒಂದು ಮಾತು. ಎದ್ದು ಕೂರಲಾಗದ ಮಗುವಿಗಾಗಿ ಮಾಡಿದ ವ್ಯವಸ್ಥೆ ಅದು, ಒಳ್ಳೆಯದೇ. ಆದರೆ ನಡೆದಾಡುವ, ಆಡುವ, ಅಂಗಡಿಗೆ ಹೋಗಿ ಬರುವ ಮಗುವನ್ನೂ "ತರಗತಿಯಲ್ಲಿ ಗದ್ದಲ ಮಾಡ್ತಾನ" ಎಂದು ಆ ಪಟ್ಟಿಗೆ ಸೇರಿಸುವುದುಂಟು. ಶಾಲೆಯ ಲೆಕ್ಕದಲ್ಲಿ ದಾಖಲಾತಿ ಉಳಿಯುತ್ತದೆ, ತರಗತಿ ಶಾಂತವಾಗುತ್ತದೆ, ಮಗು ಜಗಲಿಯ ಮೇಲೆ ಕೂತಿರುತ್ತದೆ. ಇದನ್ನು ನಾನು ಶಿಕ್ಷಣ ಎಂದು ಕರೆಯಲಾರೆ.

ಬೇಕಾದದ್ದೇನು ಎಂಬುದನ್ನು ಸುಪ್ರೀಂ ಕೋರ್ಟ್ ಆಗಲೇ ಹೇಳಿಬಿಟ್ಟಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರಿನಲ್ಲಿ ಬಂದ ತೀರ್ಪಿನ ಪ್ರಕಾರ, ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು, ಅದರ ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು. ಕೇಂದ್ರ ಸರ್ಕಾರ 2022ರಲ್ಲಿ ಈ ಪ್ರಮಾಣವನ್ನು ಅಧಿಸೂಚನೆಯಲ್ಲೂ ಸೇರಿಸಿತು. ಆದರೂ ರಾಜ್ಯಗಳು ಅಲ್ಲಾಡಲಿಲ್ಲ. 2025ರ ಮಾರ್ಚಿನಲ್ಲಿ ಅದೇ ನ್ಯಾಯಾಲಯ ಮತ್ತೆ, ಮೂರು ವಾರದೊಳಗೆ ಹುದ್ದೆಗಳ ಸಂಖ್ಯೆ ಗೊತ್ತುಮಾಡಿ ಪ್ರಕಟಿಸಿ ಎಂದು ಎಲ್ಲ ರಾಜ್ಯಗಳಿಗೆ ತಾಕೀತು ಮಾಡಬೇಕಾಯಿತು. 2011ರ ಜನಗಣತಿ ಕರ್ನಾಟಕದಲ್ಲಿ ಬೌದ್ಧಿಕ ನ್ಯೂನತೆ ಇರುವವರನ್ನು, ಎಲ್ಲ ವಯಸ್ಸಿನವರನ್ನೂ ಸೇರಿಸಿ, 93,974 ಎಂದು ಎಣಿಸಿತ್ತು. ಮನೆಯವರು ಮುಚ್ಚಿಟ್ಟವರು ಆ ಲೆಕ್ಕದಲ್ಲಿ ಇರಲಾರರು. ಈ ಎಲ್ಲರಲ್ಲಿ ಶಾಲೆಯ ವಯಸ್ಸಿನವರಿಗೆ ಸಾಲುವಷ್ಟು ಶಿಕ್ಷಕರನ್ನು ಕೊಡುವುದು ಈ ರಾಜ್ಯಕ್ಕೆ ಆಗದ ಕೆಲಸವಲ್ಲ. ಡಿ.ಇಡಿ. ವಿಶೇಷ ಶಿಕ್ಷಣ ಮುಗಿಸಿ, ಪುನರ್ವಸತಿ ಮಂಡಳಿಯ ನೋಂದಣಿ ಪಡೆದು, ಖಾಸಗಿ ಸಂಸ್ಥೆಯಲ್ಲಿ ಪುಡಿಗಾಸಿಗೆ ದುಡಿಯುತ್ತಿರುವ ಹುಡುಗ ಹುಡುಗಿಯರನ್ನು ನಾನೇ ಬಲ್ಲೆ.

ನನ್ನನ್ನು ಕೇಳಿದರೆ ಪ್ರತಿ ಶಾಲೆಗೂ ಒಬ್ಬರನ್ನು ನಾಳೆಯೇ ಕೊಡಿ ಎನ್ನುವುದಿಲ್ಲ. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿಗೆ ಒಬ್ಬರು ಇರಲಿ, ಕಾಯಂ ಹುದ್ದೆಯವರು. ವರ್ಷವರ್ಷವೂ ಗುತ್ತಿಗೆ ನವೀಕರಿಸಿಕೊಂಡು ಬರುವವರಲ್ಲ, ಯಾಕೆಂದರೆ ಈ ಮಕ್ಕಳಿಗೆ ಹೊಸ ಮುಖ ಒಗ್ಗಲು ತಿಂಗಳುಗಳೇ ಬೇಕು. ಅವರು ವಾರದಲ್ಲಿ ಗೊತ್ತಾದ ದಿನ ಗೊತ್ತಾದ ಶಾಲೆಯಲ್ಲಿ ದಿನಪೂರ್ತಿ ಇರಲಿ, ಮಗುವಿನ ಜೊತೆಗೂ ತರಗತಿ ಮಾಸ್ತರ ಜೊತೆಗೂ ಕೂರಲಿ, ಉಳಿದ ದಿನ ಏನು ಮಾಡಿಸಬೇಕು ಎಂದು ಬರೆದುಕೊಟ್ಟು ಹೋಗಲಿ. ಜನಗಣತಿಗೆ, ಚುನಾವಣೆಗೆ, ಮಾಹಿತಿ ತುಂಬಲು ಅವರನ್ನು ಎಳೆಯಬೇಡಿ.

ಅದರ ಜೊತೆಗೆ ಏಣಿಯನ್ನು ಮೂರನೇ ಇಯತ್ತೆಗೆ ನಿಲ್ಲಿಸಬೇಡಿ. ಎಲ್ಲ ಮಕ್ಕಳಿಗೂ ನಲಿಕಲಿ ಏಳರವರೆಗೆ ಇರಲಿ ಎಂದು ನಾನು ಹೇಳುತ್ತಿಲ್ಲ. ಅದರ ಬಗ್ಗೆ ಶಿಕ್ಷಕರಲ್ಲೇ ಎರಡು ಮಾತಿದೆ, ಕಾರ್ಡು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ ಎಂಬ ಗೊಣಗಾಟ ನನ್ನದೂ ಇದೆ. ಆದರೆ ಮಂಜನಂಥ ಮಗು ನಾಲ್ಕಕ್ಕೆ, ಐದಕ್ಕೆ, ಏಳಕ್ಕೆ ಹೋದಾಗಲೂ ಮುಗಿಸಿದ ಮೆಟ್ಟಿಲುಗಳನ್ನು ಗುರುತಿಸುವ ತನ್ನ ಪ್ರಗತಿ ನೋಟವನ್ನು ಹಿಡಿದುಕೊಂಡೇ ಹೋಗಲಿ, ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಲಿ. ಅವನ ಮೌಲ್ಯಮಾಪನ ಅವನ ಯೋಜನೆಯ ಮೇಲೆ ನಡೆಯಲಿ. "ಐದು ರೂಪಾಯಿ ಚಿಲ್ಲರೆ ಸರಿಯಾಗಿ ಎಣಿಸುತ್ತಾನೆ" ಎಂದು ಬರೆಯಲು ತಂತ್ರಾಂಶದಲ್ಲಿ ಒಂದು ಜಾಗ ಕೊಡಿ. ಇಲ್ಲದ ಗ್ರೇಡನ್ನು ಸೃಷ್ಟಿಸುವ ಪಾಪ ನಮಗೂ ತಪ್ಪುತ್ತದೆ.

ಮಂಜ ಈಗ ಶಾಲೆ ಬಿಟ್ಟಿದ್ದಾನೆ. ಅಪ್ಪನ ಜೊತೆ ಹತ್ತರಿ ಉಜ್ಜುತ್ತಾನೆ, ಅಳತೆಪಟ್ಟಿ ಓದಲು ಬರುವುದಿಲ್ಲ. ನಾಲ್ಕನೇ ಇಯತ್ತೆಯಿಂದ ಏಳರವರೆಗಿನ ನಾಲ್ಕು ವರ್ಷದಲ್ಲಿ ಅವನಿಗೆ ಅಳತೆಪಟ್ಟಿ ಕಲಿಸಬಹುದಿತ್ತು.

ಓದುಗರಲ್ಲಿ ನನ್ನದೊಂದು ಕೋರಿಕೆ. ಶಾಲೆ ತೆರೆದ ಮೇಲೆ ನಿಮ್ಮೂರಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಸಭೆಗೆ ಹೋಗಿ. ಮಗು ನಿಮ್ಮದೇ ಆಗಿರಬೇಕೆಂದಿಲ್ಲ. ಮೂರು ಪ್ರಶ್ನೆ ಕೇಳಿ: ನಮ್ಮ ಶಾಲೆಯಲ್ಲಿ ವಿಶೇಷ ಅಗತ್ಯದ ಮಕ್ಕಳು ಎಷ್ಟು? ಅವರಲ್ಲಿ ಮೂರನೇ ಇಯತ್ತೆ ದಾಟಿದವರು ಈ ವರ್ಷ ಏನು ಕಲಿಯುತ್ತಿದ್ದಾರೆ? ಹತ್ತಕ್ಕೆ ಒಬ್ಬರಂತೆ ನಮ್ಮ ಕ್ಲಸ್ಟರಿಗೆ ಬರಬೇಕಾದ ವಿಶೇಷ ಶಿಕ್ಷಕರು ಎಲ್ಲಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ. ನಾವು ನೌಕರರು ಕೇಳಿದರೆ ಅದು ಕೋರಿಕೆ ಮಾತ್ರ. ನೀವು ಕೇಳಿದರೆ ಇಲಾಖೆ ಉತ್ತರ ಕೊಡಬೇಕಾಗುತ್ತದೆ.